ಊರಿನ ಗಾಳಿ, ಊರಿನ ಮಾತು

ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕು ಎರೆಭೂಮಿಯ ಸೀಮೆ. ತಿರ್ಲಾಪುರದಂಥ ಊರುಗಳ ಸುತ್ತಲೂ ಕಣ್ಣು ಹಾಯುವವರೆಗೆ ಕರಿಮಣ್ಣಿನ ಬಯಲು, ಮರಗಳು ವಿರಳ. ಹತ್ತಿ, ಜೋಳ, ಕಡಲೆ, ಗೋವಿನಜೋಳ ಇಲ್ಲಿನ ಬೆಳೆಗಳು. ಹತ್ತಿ ಬಿಡಿಸುವ ಕೆಲಸ ಮುಗಿದು ಚಳಿ ಹಿಂದೆಗೆಯುವ ಹೊತ್ತಿಗೆ ಹೊಲದಲ್ಲಿ ಉಳಿಯುವುದು ಒಣಗಿ ನಿಂತ ಹತ್ತಿಕಟ್ಟಿಗೆ. ಅದನ್ನು ಕಿತ್ತು, ಹೊರೆ ಕಟ್ಟಿ, ಹಿತ್ತಲಿನಲ್ಲಿ ಒಟ್ಟುವುದು ಈ ಭಾಗದ ಹಳೆಯ ರೂಢಿ. ಮಳೆಗಾಲದುದ್ದಕ್ಕೂ ರೊಟ್ಟಿಯ ಒಲೆ ಉರಿಯುತ್ತಿದ್ದುದು ಈ ಕಟ್ಟಿಗೆಯಿಂದ ಮತ್ತು ಕುಳ್ಳಿನಿಂದ. ಹೊಲವಿಲ್ಲದವರು ಸಹ ಹೊಲದೊಡೆಯನ ಅನುಮತಿ ಪಡೆದು ಒಂದೆರಡು ಹೊರೆ ತರುತ್ತಿದ್ದರು. ಅಡಿಗೆ ಅನಿಲ ಬಂದ ಮೇಲೆ ಒಲೆಯ ಬಳಕೆ ತಗ್ಗಿದೆಯಾದರೂ ಪೂರ್ತಿ ನಿಂತಿಲ್ಲ. ಉಳಿದ ಕಟ್ಟಿಗೆಯನ್ನು ಹೊಲದಲ್ಲೇ ಸುಟ್ಟುಬಿಡುವವರೂ ಉಂಟು.

ಹೀಗೆ ಸುಟ್ಟು ಹಾಳಾಗುವ ಬೆಂಕಿಯಿಂದ ವಿದ್ಯುತ್ತನ್ನು ಏಕೆ ಪಡೆಯಬಾರದು? ಈ ಪ್ರಶ್ನೆಯಿಂದ ಹುಟ್ಟಿದ್ದೇ ಜೀವರಾಶಿ ವಿದ್ಯುತ್ ಸ್ಥಾವರ. ಗಿಡಮರಗಳಿಂದ, ಬೆಳೆಗಳಿಂದ ದೊರೆಯುವ ಉರಿಯುವ ವಸ್ತುಗಳಿಗೆಲ್ಲ ಒಟ್ಟಾಗಿ ಜೀವರಾಶಿ ಎಂದು ಹೆಸರು. ಬಯೋಮಾಸ್ ಎಂಬ ಮಾತೂ ಬಳಕೆಯಲ್ಲಿದೆ. ಭತ್ತದ ಹೊಟ್ಟು, ಕಬ್ಬಿನ ರವದಿ, ತೆಂಗಿನ ಗರಿ, ಹತ್ತಿಕಟ್ಟಿಗೆ ಎಲ್ಲವೂ ಇದರಲ್ಲಿ ಸೇರುತ್ತವೆ. ಸ್ಥಾವರದ ಕೆಲಸ ತಿಳಿಯಲು ಕಷ್ಟವಾದುದಲ್ಲ. ದೊಡ್ಡ ಕುಲುಮೆಯಲ್ಲಿ ಜೀವರಾಶಿ ಉರಿಯುತ್ತದೆ. ಅದರ ಕಾವಿನಿಂದ ಬಾಯ್ಲರಿನ ನೀರು ಹಬೆಯಾಗುತ್ತದೆ. ಹಬೆಯ ಒತ್ತಡ ಟರ್ಬೈನನ್ನು ತಿರುಗಿಸುತ್ತದೆ. ಅದಕ್ಕೆ ಜೋಡಿಸಿದ ಜನರೇಟರು ವಿದ್ಯುತ್ತನ್ನು ಉತ್ಪಾದಿಸುತ್ತದೆ. ಹೊರಬಂದ ಹಬೆಯನ್ನು ತಂಪುಮಾಡಿ ಮತ್ತೆ ನೀರಾಗಿಸುತ್ತಾರೆ. ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲಿ ಕಬ್ಬಿನ ರವದಿ ಮತ್ತು ತೆಂಗಿನ ಗರಿಗಳನ್ನು ಉರಿಸುವ 4.5 ಮೆಗಾವ್ಯಾಟ್ ಸಾಮರ್ಥ್ಯದ ಇಂಥ ಸ್ಥಾವರವು 2001ರಲ್ಲಿ ಆರಂಭವಾಯಿತು.

ಕಲ್ಲಿದ್ದಲಿನೊಡನೆ ಹೋಲಿಸಿದಾಗ ಇದರ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಕಲ್ಲಿದ್ದಲು ಕೋಟ್ಯಂತರ ವರ್ಷಗಳ ಹಿಂದೆ ಹೂತುಹೋದ ಇಂಗಾಲವನ್ನು ಹೊರತೆಗೆದು ವಾಯುಮಂಡಲಕ್ಕೆ ಸೇರಿಸುತ್ತದೆ. ಹತ್ತಿಕಟ್ಟಿಗೆಯ ಇಂಗಾಲವಾದರೋ ಹಿಂದಿನ ಮುಂಗಾರಿನಲ್ಲಿ ಗಿಡವು ಗಾಳಿಯಿಂದಲೇ ಪಡೆದದ್ದು. ಮುಂದಿನ ಬೆಳೆ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ರೈತನಿಗೆ ಕಟ್ಟಿಗೆಯ ಬೆಲೆ ಸಿಗುತ್ತದೆ, ಕೆಲವರಿಗೆ ಉದ್ಯೋಗವೂ ಸಿಗುತ್ತದೆ. ಆದರೂ ಇಂಥ ಸ್ಥಾವರ ಬರುತ್ತದೆಂದ ಕೂಡಲೇ ಸುತ್ತಲಿನ ಜನ ಆತಂಕಗೊಂಡು ವಿರೋಧಿಸಿದ ಪ್ರಸಂಗಗಳು ಹಲವು ದೇಶಗಳಲ್ಲಿ ನಡೆದಿವೆ. ಅದನ್ನು ಅಜ್ಞಾನದ ಭಯವೆಂದು ತಳ್ಳಿಹಾಕುವುದು ಸುಲಭ. ಆದರೆ ಒಲೆಯ ಮುಂದೆ ಕುಳಿತ ಯಾವ ಹೆಣ್ಣುಮಗಳಿಗೂ ಹೊಗೆಯ ವಿಷಯವನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಮೊದಲು ಪ್ರಮಾಣವನ್ನು ಲೆಕ್ಕಹಾಕಬೇಕು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಒಂದೂಕಾಲು ಕಿಲೋಗ್ರಾಂ ಒಣ ಜೀವರಾಶಿ ಬೇಕು. 10 ಮೆಗಾವ್ಯಾಟ್ ಸ್ಥಾವರವು ಗಂಟೆಗೆ 10,000 ಯೂನಿಟ್ ಉತ್ಪಾದಿಸುತ್ತದೆ. ಎಂದರೆ ಗಂಟೆಗೆ ಹನ್ನೆರಡೂವರೆ ಟನ್ನು, ದಿನಕ್ಕೆ 300 ಟನ್ನು ಇಂಧನ ಬೇಕಾಗುತ್ತದೆ. ಒಂದು ಟ್ರ್ಯಾಕ್ಟರು ಎರಡು ಟನ್ನು ಹೊತ್ತು ತರುತ್ತದೆಂದು ಭಾವಿಸಿದರೆ, ಊರಿನ ದಾರಿಯಲ್ಲಿ ದಿನಕ್ಕೆ ನೂರೈವತ್ತು ಟ್ರ್ಯಾಕ್ಟರುಗಳು ಬಂದು ಹೋಗಬೇಕು. ಎಕರೆಗೆ ಒಂದು ಟನ್ನು ಹತ್ತಿಕಟ್ಟಿಗೆ ದೊರೆಯುವುದೆಂದು ಇಟ್ಟುಕೊಂಡರೂ ದಿನವೊಂದಕ್ಕೆ ಮುನ್ನೂರು ಎಕರೆಯ ಕಟ್ಟಿಗೆ ತೀರುತ್ತದೆ. ವರ್ಷದಲ್ಲಿ ಮುನ್ನೂರು ದಿನ ಸ್ಥಾವರ ನಡೆದರೆ ತೊಂಬತ್ತು ಸಾವಿರ ಎಕರೆ! ಹಿತ್ತಲಿನ ಒಟ್ಟಿಲಿನಿಂದ ಒಲೆಗೆ ಹೋಗುವ ಕಟ್ಟಿಗೆಗೂ ಈ ಉರಿಗೂ ಹೋಲಿಕೆಯೇ ಇಲ್ಲ.

ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಕಣವೇ ಹೆಚ್ಚು ಅಪಾಯಕರ. ಎರಡೂವರೆ ಮೈಕ್ರಾನಿಗಿಂತ ಸಣ್ಣದಾದ, ಅಂದರೆ ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೆಯ ಒಂದು ಪಾಲಿನಷ್ಟಿರುವ ಕಣಗಳನ್ನು ಮೂಗಿನ ರೋಮಗಳಾಗಲಿ ಗಂಟಲಿನ ತೇವವಾಗಲಿ ತಡೆಯಲಾರವು. ಅವು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅತಿ ಸೂಕ್ಷ್ಮವಾದವು ರಕ್ತವನ್ನೂ ಸೇರುತ್ತವೆ. ಉಬ್ಬಸ, ದೀರ್ಘಕಾಲದ ಕೆಮ್ಮು, ಹೃದ್ರೋಗ ಮುಂತಾದುವು ಇವುಗಳಿಂದ ಉಲ್ಬಣಿಸುತ್ತವೆ. ಮಕ್ಕಳಿಗೆ, ವೃದ್ಧರಿಗೆ, ಗರ್ಭಿಣಿಯರಿಗೆ ಅಪಾಯ ಹೆಚ್ಚು. ಭಾರತ ಸರ್ಕಾರವು 2009ರಲ್ಲಿ ಗೊತ್ತುಪಡಿಸಿದ ಮಾನದಂಡದಂತೆ ಒಂದು ಘನಮೀಟರ್ ಗಾಳಿಯಲ್ಲಿ ಈ ಕಣಗಳ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ ಕೇವಲ 5. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿದವರು ‘ಮಿತಿಯೊಳಗಿದೆ’ ಎಂಬ ಮಾತನ್ನು ಕೇಳಿದೊಡನೆ ಯಾವ ಮಿತಿಯೆಂದು ವಿಚಾರಿಸದೆ ಇರಲಾರರು.

ಕಣಗಳನ್ನು ಹಿಡಿದು ನಿಲ್ಲಿಸುವ ಸಾಧನಗಳಿಲ್ಲವೆಂದಲ್ಲ. ಹೊಗೆಯನ್ನು ದಪ್ಪ ಬಟ್ಟೆಯ ಚೀಲಗಳ ಮೂಲಕ ಸೋಸುವ ವಿಧಾನವಿದೆ. ಕಣಗಳಿಗೆ ವಿದ್ಯುದಾವೇಶ ಕೊಟ್ಟು ಲೋಹದ ತಗಡುಗಳಿಗೆ ಅಂಟಿಸಿಕೊಳ್ಳುವ ಯಂತ್ರವೂ ಇದೆ. ಇವು ಸರಿಯಾಗಿ ನಡೆದಾಗ ಧೂಳಿನ ಬಹುಪಾಲು ಚಿಮಣಿಯನ್ನು ಏರುವುದೇ ಇಲ್ಲ. ಅಷ್ಟೇ ಕಟ್ಟಿಗೆಯನ್ನು ಬಯಲಿನಲ್ಲಿ ಸುಟ್ಟರೆ ಬರುವ ಹೊಗೆಗಿಂತ ಇಂಥ ಸ್ಥಾವರದ ಹೊಗೆ ಎಷ್ಟೋ ಲೇಸು. ಸ್ಥಾವರದ ಪರವಾಗಿ ಮಾತನಾಡುವವರ ಈ ವಾದದಲ್ಲಿ ಹುರುಳಿದೆ. ಆದರೆ ಬಯಲಿನ ಬೆಂಕಿ ಕೆಲವು ದಿನಗಳದು, ಹಲವು ಹೊಲಗಳಲ್ಲಿ ಹರಡಿದ್ದು. ಸ್ಥಾವರದ್ದು ವರ್ಷದುದ್ದಕ್ಕೂ ಹಗಲಿರುಳು ಒಂದೇ ಸ್ಥಳದಲ್ಲಿ ಏಳುವ ಹೊಗೆ. ಸೋಸುವ ಯಂತ್ರ ಕೆಟ್ಟ ರಾತ್ರಿ ಸ್ಥಾವರ ನಿಲ್ಲುತ್ತದೆಯೇ ನಡೆಯುತ್ತದೆಯೇ ಎಂಬುದು ಯಂತ್ರಶಾಸ್ತ್ರದ ಪ್ರಶ್ನೆಯಲ್ಲ, ನಂಬಿಕೆಯ ಪ್ರಶ್ನೆ. ಇನ್ನು ಬೂದಿಯ ಮಾತು. ನೂರು ಕಿಲೋಗ್ರಾಂ ಹತ್ತಿಕಟ್ಟಿಗೆ ಮೂರರಿಂದ ಐದು ಕಿಲೋಗ್ರಾಂ ಬೂದಿಯನ್ನು ಉಳಿಸಿದರೆ, ಭತ್ತದ ಹೊಟ್ಟು ಸುಮಾರು ಇಪ್ಪತ್ತು ಕಿಲೋಗ್ರಾಂ ಉಳಿಸುತ್ತದೆ. ಹೊಟ್ಟಿನ ಬೂದಿ ಬಹುಮಟ್ಟಿಗೆ ಸಿಲಿಕಾ. ಹಗುರವಾದುದರಿಂದ ಸಣ್ಣ ಗಾಳಿಗೂ ಹಾರುತ್ತದೆ. ನವಲಗುಂದ ಸೀಮೆಯಲ್ಲಿ ಅಂತರ್ಜಲ ಸವಳು. ಅನೇಕ ಊರುಗಳು ಮಲಪ್ರಭಾ ಕಾಲುವೆಯ ನೀರನ್ನು ತೆರೆದ ಕೆರೆಗಳಲ್ಲಿ ತುಂಬಿಸಿಟ್ಟು ಕುಡಿಯುತ್ತ ಬಂದಿವೆ. ಅಂಥ ಕೆರೆಯ ಗಾಳಿಮುಖದಲ್ಲಿ ಬೂದಿಯ ರಾಶಿ ಬಿದ್ದರೆ ಜನ ಸುಮ್ಮನಿರುವರೆಂದು ನಿರೀಕ್ಷಿಸಲಾಗದು.

ಈ ಬಗೆಯ ಆತಂಕ ಹಳ್ಳಿಗಳಿಗೆ ಮಾತ್ರ ಸೀಮಿತವಾದುದಲ್ಲ. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಕಟ್ಟಿಗೆಯ ಚೂರುಗಳನ್ನು ಉರಿಸುವ 35 ಮೆಗಾವ್ಯಾಟ್ ಸ್ಥಾವರವನ್ನು ಕಟ್ಟಲು ಕಂಪನಿಯೊಂದು ಮುಂದೆ ಬಂದಿತು. ಆ ನಗರವಾದರೋ ಉಬ್ಬಸಕ್ಕೆ ಹೆಸರಾದುದು. ಆ ದೇಶದ ಉಬ್ಬಸ ಮತ್ತು ಅಲರ್ಜಿ ಪ್ರತಿಷ್ಠಾನವು 2018 ಮತ್ತು 2019ರಲ್ಲಿ ಉಬ್ಬಸದ ತೊಂದರೆ ಅತ್ಯಧಿಕವಾಗಿರುವ ನಗರವೆಂದು ಸ್ಪ್ರಿಂಗ್‌ಫೀಲ್ಡನ್ನು ಗುರುತಿಸಿತ್ತು. ‘ನಮ್ಮ ಮಕ್ಕಳು ಈಗಾಗಲೇ ಉಸಿರಿಗಾಗಿ ಒದ್ದಾಡುತ್ತಿದ್ದಾರೆ, ಇನ್ನೊಂದು ಚಿಮಣಿ ಬೇಡ’ ಎಂಬುದು ಅಲ್ಲಿನ ನಿವಾಸಿಗಳ ವಾದದ ಸಾರ. 2011ರಲ್ಲಿ ಸ್ಥಾವರಕ್ಕೆ ಗಾಳಿಗೆ ಸಂಬಂಧಿಸಿದ ಅನುಮತಿ ದೊರೆಯಿತು. ಜನರು ಬಿಡಲಿಲ್ಲ, ಸಭೆ, ಮನವಿ, ನ್ಯಾಯಾಲಯ ಎಂದು ವರ್ಷಗಟ್ಟಲೆ ಓಡಾಡಿದರು. ಕೊನೆಗೆ 2021ರ ಏಪ್ರಿಲಿನಲ್ಲಿ ರಾಜ್ಯದ ಪರಿಸರ ಇಲಾಖೆಯು, ಗೊತ್ತಾದ ಕಾಲದಲ್ಲಿ ನಿರ್ಮಾಣ ಆರಂಭವಾಗದಿದ್ದುದನ್ನೂ ಸುತ್ತಲಿನ ಜನರ ಆರೋಗ್ಯವನ್ನೂ ಗಣನೆಗೆ ತಂದುಕೊಂಡು, ಆ ಅನುಮತಿಯನ್ನು ಹಿಂತೆಗೆದುಕೊಂಡಿತು. ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಸ್ಪ್ರಿಂಗ್‌ಫೀಲ್ಡಿನ ಜನ ಪ್ರಶ್ನೆ ಕೇಳಿದ್ದು ಚಿಮಣಿ ಏಳುವುದಕ್ಕೆ ಮೊದಲು. ಹಳೆಯ ಧಾರವಾಡ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಯ ಜನರಿಗೆ ಆ ಅವಕಾಶ ದೊರೆತಿರಲಿಲ್ಲ.

ರಾಣೇಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ ಹರಿಹರಕ್ಕೆ ಎದುರಾಗಿ ನದಿಯ ಆಚೆಯ ದಂಡೆಯಲ್ಲಿದೆ. 1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾಗುವವರೆಗೆ ಅದು ಧಾರವಾಡ ಜಿಲ್ಲೆಗೆ ಸೇರಿತ್ತು. ಅಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಎಂಬ ಕಾರ್ಖಾನೆ ಆರಂಭವಾಯಿತು. ಅದರ ಕೆಲಸ ವಿದ್ಯುತ್ತಿನದಲ್ಲ. ಮರದಿಂದ ತಿರುಳನ್ನು ತೆಗೆಯುವುದು. ನೀಲಗಿರಿಯೇ ಮೊದಲಾದ ಮರಗಳನ್ನು ಚಕ್ಕೆಗಳಾಗಿ ಕತ್ತರಿಸಿ ಕ್ಷಾರದಲ್ಲಿ ಬೇಯಿಸಿದರೆ, ಮರದ ನಾರುಗಳನ್ನು ಅಂಟಿಸಿಟ್ಟಿರುವ ಲಿಗ್ನಿನ್ ಎಂಬ ವಸ್ತು ಕರಗಿ, ನಾರು ಬೇರೆಯಾಗುತ್ತದೆ. ಆ ನಾರಿನಿಂದ ರೇಯಾನ್ ಬಟ್ಟೆಯ ನೂಲು ತಯಾರಾಗುತ್ತದೆ. ಲಿಗ್ನಿನ್ ಕರಗಿದ ನೀರಿನ ಬಣ್ಣ ಕಡುಕಂದು. ತಿರುಳನ್ನು ಬಿಳುಪು ಮಾಡಿದ ನೀರೂ, ತೊಳೆದ ನೀರೂ ಇದರೊಂದಿಗೆ ಹೊರಬೀಳುತ್ತವೆ.

ನೀರು ಬಣ್ಣಗೆಡುವುದಕ್ಕೂ ಮೀನು ಸಾಯುವುದಕ್ಕೂ ಇರುವ ಸಂಬಂಧ ತಿಳಿಯಬೇಕಾದರೆ ನದಿಯ ಉಸಿರಾಟವನ್ನು ತಿಳಿಯಬೇಕು. ನದಿಯ ನೀರಿನಲ್ಲಿ ಸ್ವಲ್ಪ ಆಮ್ಲಜನಕ ಕರಗಿರುತ್ತದೆ. ಶುದ್ಧ ನೀರಿನಲ್ಲಿ ಅದು ಲೀಟರಿಗೆ ಏಳೆಂಟು ಮಿಲಿಗ್ರಾಂ. ಮೀನಿನ ಬಾಳು ನಿಂತಿರುವುದು ಇದರ ಮೇಲೆ. ಸಾವಯವ ಕಲ್ಮಷ ಸೇರಿದಾಗ ಅದನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳು ಅಪಾರವಾಗಿ ಹೆಚ್ಚಿ, ಆ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಪ್ರಮಾಣ ನಾಲ್ಕು ಮಿಲಿಗ್ರಾಮಿಗಿಂತ ಕೆಳಗಿಳಿದರೆ ಮೀನುಗಳಿಗೆ ಕಷ್ಟ. ಇನ್ನೂ ಇಳಿದರೆ ಸಾವು. ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ಕಲ್ಮಷ ತೆಳುವಾಗಿ ಹರಡಿಹೋಗುತ್ತದೆ. ಬೇಸಗೆಯಲ್ಲಿ ಹರಿವು ಸೊರಗಿದಾಗ ಅದೇ ಕಲ್ಮಷ ವಿಷಸಮಾನವಾಗುತ್ತದೆ.

ನದಿಯ ಕೆಳಭಾಗದ ಹಳ್ಳಿಗಳಿಂದ ದೂರುಗಳು ಕೇಳಿಬಂದವು. ಮೀನು ಸತ್ತು ತೇಲುತ್ತವೆ, ನೀರು ಕುಡಿದ ದನಗಳಿಗೆ ರೋಗ ಬರುತ್ತದೆ, ಹೊಳೆಯಲ್ಲಿ ಮಿಂದರೆ ಮೈ ತುರಿಸುತ್ತದೆ ಎಂಬುದು ಅವರ ಅಳಲು. ಮೀನುಗಾರರಿಗೆ ಇದು ಅನ್ನದ ಪ್ರಶ್ನೆಯೂ ಆಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಈ ಜನರ ಜೊತೆಗೆ ನಿಂತಿತು. 1984ರ ಅಕ್ಟೋಬರ್ 2ರ ಗಾಂಧಿ ಜಯಂತಿಯ ದಿನ ಕಾರ್ಖಾನೆಯ ಮುಂದೆ ದೊಡ್ಡ ಪ್ರದರ್ಶನ ನಡೆಯಿತು. 1985ರ ಡಿಸೆಂಬರಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. ಆ ಅರ್ಜಿ ಯಾರನ್ನು ಗುರಿಯಾಗಿಸಿತ್ತೆಂಬುದು ಗಮನಾರ್ಹ. ನದಿಯ ಮಾಲಿನ್ಯವನ್ನು ತಡೆಯುವ ಕರ್ತವ್ಯದಲ್ಲಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯು ವಿಫಲವಾಗಿದೆಯೆಂದು ಮಂಡಳಿಯನ್ನೇ ಅದು ಪ್ರಶ್ನಿಸಿತು. 1974ರಲ್ಲೇ ದೇಶದಲ್ಲಿ ಜಲಮಾಲಿನ್ಯ ತಡೆಯ ಕಾಯಿದೆ ಜಾರಿಗೆ ಬಂದಿತ್ತು, ಮಂಡಳಿಯೂ ಹುಟ್ಟಿತ್ತು. ಆದರೆ ಕಾರ್ಖಾನೆ ಅದಕ್ಕಿಂತ ಎರಡು ವರ್ಷ ಮೊದಲೇ ಬಂದಿತ್ತು. ಎದ್ದು ನಿಂತ ಕಾರ್ಖಾನೆಯಲ್ಲಿ ಅದೇ ಸೀಮೆಯ ನೂರಾರು ಮನೆಗಳ ಅನ್ನವೂ ಬೆರೆತುಹೋಗಿರುತ್ತದೆ. ಆಗ ಒಂದು ಊರಿನ ಆರೋಗ್ಯಕ್ಕೂ ಇನ್ನೊಂದು ಊರಿನ ಸಂಬಳಕ್ಕೂ ಜಗಳ ಹತ್ತುತ್ತದೆ. ಮೊದಲೇ ಕೇಳಬೇಕಾದ ಮಾತನ್ನು ತಡವಾಗಿ ಕೇಳಿದರೆ ಆಗುವ ನಷ್ಟವಿದು.

ಇದೇ ಹೊತ್ತಿಗೆ ಇನ್ನೊಂದು ಪ್ರಶ್ನೆಯೂ ಎದ್ದಿತು. ಮರವನ್ನು ನುಂಗುವ ಕಾರ್ಖಾನೆಗೆ ಮರ ಎಲ್ಲಿಂದ ಬರಬೇಕು? 1984ರ ನವೆಂಬರ್ 14ರಂದು ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಒಪ್ಪಂದ ಮಾಡಿಕೊಂಡು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಹೊಸ ಸಂಸ್ಥೆಯನ್ನು ಹುಟ್ಟುಹಾಕಿದವು. ಸರ್ಕಾರದ ಪಾಲು ನೂರಕ್ಕೆ 51, ಕಂಪನಿಯದು 49. ನೀಲಗಿರಿಯಂಥ ಬೇಗ ಬೆಳೆಯುವ ಮರಗಳಿಗಾಗಿ 30,000 ಹೆಕ್ಟೇರು ನೆಲವನ್ನು ಈ ಸಂಸ್ಥೆಗೆ ಕೊಡುವುದೆಂದು ನಿರ್ಧಾರವಾಯಿತು. ಕಾಗದದಲ್ಲಿ ಅದು ಸರ್ಕಾರದ ನೆಲ. ಬಳಕೆಯಲ್ಲಿ ಊರವರ ಗೋಮಾಳ. ದನ ಮೇಯುತ್ತಿದ್ದುದು, ಬಡವರು ಸೌದೆ ಆರಿಸುತ್ತಿದ್ದುದು, ಔಷಧದ ಬೇರು ಕೀಳುತ್ತಿದ್ದುದು ಅಲ್ಲಿಯೇ. ನೀಲಗಿರಿಯ ಎಲೆಯನ್ನು ದನ ಮುಟ್ಟುವುದಿಲ್ಲ. ಡಾ. ಶಿವರಾಮ ಕಾರಂತರು ಮೊದಲ ಅರ್ಜಿದಾರರಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. 1987ರ ಮಾರ್ಚ್ 24ರಂದು ನ್ಯಾಯಾಲಯವು ಇನ್ನಷ್ಟು ನೆಲದ ಹಸ್ತಾಂತರಕ್ಕೆ ತಡೆ ನೀಡಿತು. ಅದೇ ವರ್ಷ ನವೆಂಬರ್ 14ರಂದು, ಒಪ್ಪಂದವಾಗಿ ಸರಿಯಾಗಿ ಮೂರು ವರ್ಷ ತುಂಬಿದ ದಿನ, ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿಯ ಸಸಿಗಳನ್ನು ಕಿತ್ತು, ಅದೇ ನೆಲದಲ್ಲಿ ಹಣ್ಣು, ಮೇವು ಕೊಡುವ ಗಿಡಗಳನ್ನು ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಎಂದು ಆ ಸತ್ಯಾಗ್ರಹಕ್ಕೆ ಹೆಸರಾಯಿತು. ಸಸಿ ನೆಡುವುದಕ್ಕೆ ‘ಹಚ್ಚುವುದು’ ಎನ್ನುವ ಈ ಸೀಮೆಯ ಮಾತು ಹೀಗೆ ಚಳವಳಿಯ ಇತಿಹಾಸವನ್ನು ಸೇರಿತು. 1991ರಲ್ಲಿ ಸರ್ಕಾರವು ಆ ಸಂಸ್ಥೆಯನ್ನು ಮುಚ್ಚುವ ನಿರ್ಧಾರ ಮಾಡಿತು.

ಜೀವರಾಶಿಯ ಸ್ಥಾವರಕ್ಕೂ ಈ ಪ್ರಸಂಗಕ್ಕೂ ನೇರ ಸಂಬಂಧವಿಲ್ಲವೆಂದು ತೋರಬಹುದು. ಆದರೆ ದಿನಕ್ಕೆ ಮುನ್ನೂರು ಟನ್ನು ಬೇಡುವ ಕುಲುಮೆ ಹತ್ತಿಕಟ್ಟಿಗೆ ತೀರಿದ ತಿಂಗಳುಗಳಲ್ಲಿ ಏನನ್ನು ಉರಿಸುತ್ತದೆ? ಗೋಮಾಳದ ಜಾಲಿಯನ್ನೇ, ದೂರದಿಂದ ತಂದ ಮರವನ್ನೇ, ಕಲ್ಲಿದ್ದಲನ್ನೇ? ‘ತ್ಯಾಜ್ಯ’ವೆಂದು ವರದಿಯಲ್ಲಿ ಬರೆದ ಕಟ್ಟಿಗೆಗೆ ಬೆಲೆ ಬಂದ ದಿನ, ಹೊಲವಿಲ್ಲದವಳು ಬೇಡಿ ತರುತ್ತಿದ್ದ ಹೊರೆ ಅವಳಿಗೆ ಸಿಗುತ್ತದೆಯೇ? ನೀರಿನ ಲೆಕ್ಕವೂ ಹೀಗೆಯೇ. ಹಬೆಯನ್ನು ತಂಪುಗೊಳಿಸಲು 10 ಮೆಗಾವ್ಯಾಟ್ ಸ್ಥಾವರಕ್ಕೆ ದಿನಕ್ಕೆ ಸುಮಾರು ಹತ್ತು ಲಕ್ಷ ಲೀಟರು ನೀರು ಬೇಕಾಗಬಹುದು. ತಲೆಗೆ 55 ಲೀಟರಿನಂತೆ ಅದು ಹದಿನೆಂಟು ಸಾವಿರ ಜನರ ಒಂದು ದಿನದ ನೀರು.

ಊರವರು ಎಲ್ಲ ಸ್ಥಾವರಗಳಿಗೂ ಬೆನ್ನು ತಿರುಗಿಸುತ್ತಾರೆಂದು ತಿಳಿಯುವುದು ಮಾತ್ರ ತಪ್ಪು. ತುಮಕೂರು ಜಿಲ್ಲೆಯ ಹೊಸಹಳ್ಳಿ ಎಂಬ ಪುಟ್ಟ ಊರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರ ಸುಮಾರಿಗೆ ಒಂದು ಚಿಕ್ಕ ಘಟಕವನ್ನು ಸ್ಥಾಪಿಸಿದರು. ಅದರಲ್ಲಿ ಕಟ್ಟಿಗೆಯನ್ನು ಪೂರ್ತಿ ಉರಿಸದೆ, ಅಲ್ಪ ಗಾಳಿಯಲ್ಲಿ ಕಾಯಿಸಿ ಉರಿಯುವ ಅನಿಲವನ್ನಾಗಿ ಮಾಡಿ, ಆ ಅನಿಲದಿಂದ ಎಂಜಿನನ್ನು ನಡೆಸುತ್ತಿದ್ದರು. ಮೊದಲು ಅದರ ಸಾಮರ್ಥ್ಯ 3.7 ಕಿಲೋವ್ಯಾಟ್, ಮುಂದೆ 20ಕ್ಕೆ ಏರಿತು. ಮನೆಗಳಿಗೆ ದೀಪ ಬಂತು, ಕುಡಿಯುವ ನೀರು ಮೇಲೆ ಬಂತು, ಹಿಟ್ಟಿನ ಗಿರಣಿ ತಿರುಗಿತು. ಇಂಧನಕ್ಕೆಂದೇ ಊರಿನ ಬಳಿ ಗಿಡಗಳನ್ನು ಬೆಳೆಸಿದ್ದರು. ಯಾರ ದೀಪಕ್ಕಾಗಿ ಎಷ್ಟು ಕಟ್ಟಿಗೆ ಉರಿಯುತ್ತದೆಂಬುದು ಅಲ್ಲಿನವರ ಕಣ್ಣೆದುರಿಗೇ ಇತ್ತು.

ಇಂದು ಪ್ರಶ್ನೆಯನ್ನು ಮೊದಲೇ ಕೇಳಲು ಕಾನೂನಿನ ದಾರಿಯೊಂದಿದೆ. 1994ರಲ್ಲಿ ಕೇಂದ್ರ ಸರ್ಕಾರವು ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮದ ಅಧ್ಯಯನವನ್ನು ಕಡ್ಡಾಯಗೊಳಿಸಿತು. 1997ರಲ್ಲಿ ಅದಕ್ಕೆ ಸಾರ್ವಜನಿಕ ವಿಚಾರಣೆಯನ್ನು ಸೇರಿಸಿತು. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯಂತೆ ವಿಚಾರಣೆಗೆ ಕನಿಷ್ಠ ಮೂವತ್ತು ದಿನ ಮೊದಲು ಪ್ರಕಟಣೆ ಹೊರಡಬೇಕು. ಅಧ್ಯಯನದ ಸಾರಾಂಶ ಸ್ಥಳೀಯ ಭಾಷೆಯಲ್ಲಿ ದೊರೆಯಬೇಕು. ಜಿಲ್ಲಾಧಿಕಾರಿಗಳು ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಆದರೆ 15 ಮೆಗಾವ್ಯಾಟಿನವರೆಗಿನ ಜೀವರಾಶಿ ಸ್ಥಾವರಗಳು, ಕಲ್ಲಿದ್ದಲಿನಂಥ ಪೂರಕ ಇಂಧನವನ್ನು ನೂರಕ್ಕೆ ಹದಿನೈದರೊಳಗೆ ಬಳಸಿದಲ್ಲಿ, ಈ ಅಧಿಸೂಚನೆಯಿಂದ ಹೊರಗಿವೆ. ಅವುಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ವಿಚಾರಣೆ ಬೇಕಿಲ್ಲ. ಮೇಲೆ ಲೆಕ್ಕ ಹಾಕಿದ 10 ಮೆಗಾವ್ಯಾಟ್ ಸ್ಥಾವರ ಈ ಮಿತಿಯ ಒಳಗೇ ಬರುತ್ತದೆ. ನಗರದ ಕಚೇರಿಯಲ್ಲಿ ಅದು ಸಣ್ಣ ಸ್ಥಾವರವಾಗಿರಬಹುದು. ಎರೆಭೂಮಿಯ ಒಂದು ಹಳ್ಳಿಯ ಪಕ್ಕದಲ್ಲಿ ಅದು ಸಣ್ಣದಲ್ಲ. ಅಂಥ ಊರಿಗೆ ಉಳಿಯುವುದು ತನ್ನ ಗ್ರಾಮಸಭೆ. ಅಲ್ಲಿ ಮಾತನಾಡಿದ್ದು ನಡವಳಿಯ ಪುಸ್ತಕದಲ್ಲಿ ದಾಖಲಾದರೆ ಮುಂದೆ ಮಂಡಳಿಯ ಮುಂದೆ ಅದನ್ನು ಇಡಬಹುದು. ಸಾರ್ವಜನಿಕ ವಿಚಾರಣೆ ನಡೆಯುವ ಕಡೆಗಳಲ್ಲಿ ನಿಯಮ ಇನ್ನೂ ಸ್ಪಷ್ಟ. ಸಭೆಯ ಕೊನೆಯಲ್ಲಿ ನಡವಳಿಯನ್ನು ಸೇರಿದವರೆಲ್ಲರ ಮುಂದೆ ಅವರ ಭಾಷೆಯಲ್ಲೇ ಓದಿ ಹೇಳಬೇಕು. ಆಮೇಲೆಯೇ ಅದಕ್ಕೆ ಅಧ್ಯಕ್ಷರ ಸಹಿ ಬೀಳುತ್ತದೆ.